ಸುಗುಣತ್ತೆಯ ಅರ್ಧ ವಾಗ್ದಾನ

ಮೊನ್ನೆ ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ, ಉಚಿತ ಟಿಕೆಟಿಗಾಗಿ ಆಧಾರ್ ಕಾರ್ಡ್ ತೋರಿಸುವ ಬದಲು ಪರ್ಸಿನಿಂದ ಒಂದು ಖಾಲಿ ಪ್ಲಾಸ್ಟಿಕ್ ಕವರನ್ನು ತೆಗೆದು ಕಂಡಕ್ಟರನ ಮುಖಕ್ಕೆ ಹಿಡಿದುಬಿಟ್ಟೆ. ನೌಕರರು ಗುರುತಿನ ಚೀಟಿ ಹಾಕಿ ಕೊರಳಿಗೆ ತೂಗಿಕೊಳ್ಳುತ್ತಾರಲ್ಲ, ಅಂಥ ಕವರು. ಆತ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದ.

“ಏನ್ ಮೇಡಂ, ಇದರಾಗೆ ಯಾರೂ ಇಲ್ಲಲ್ಲ! ಗಾಳಿಗೆ ಟಿಕೆಟ್ ಹರಿಯಾಕ ಬರಲ್ಲ ನಮಗೆ.”

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ನನ್ನನ್ನು ಬಲ್ಲವರಿಗೆ ಇದು ಸಣ್ಣ ಸುದ್ದಿಯಲ್ಲ. ಎರಡು ವರ್ಷದ ಹಿಂದಿನ ನಾನಾಗಿದ್ದರೆ, ಪ್ರಯಾಣಿಕರೊಂದಿಗೆ ಹೇಗೆ ಮಾತನಾಡಬೇಕೆಂದು ನಿಮಗೆ ತರಬೇತಿ ಕೊಟ್ಟವರು ಯಾರು, ಅವರ ಹುದ್ದೆಯೇನು ಎಂದು ಅಲ್ಲಿಯೇ ವಿಚಾರಣೆ ಆರಂಭಿಸುತ್ತಿದ್ದೆ. ನಾನು ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಹೊಸದಾಗಿ ಕರೆಸಿಕೊಳ್ಳುವ ಅತಿಥಿ. ಹಾಗಾಗಿ ‘ಇದಕ್ಕೆ ಹೊಣೆ ಯಾರು?’ ಎಂಬ ಪ್ರಶ್ನೆ ನನ್ನ ಪಾಠದಲ್ಲಿಯೂ ಇದೆ, ಊಟದಲ್ಲಿಯೂ ಇದೆ. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅಪ್ಪ ಮೊದಲು ನನ್ನ ಮುಖ ನೋಡಿ, “ತನಿಖಾ ಆಯೋಗ ಕೂತ್ಕಂತು ನೋಡ್ರಪ್ಪ” ಎನ್ನುತ್ತಾರೆ.

ಆ ಖಾಲಿ ಕವರು ನನಗೆ ಬಂದದ್ದು ಸುಗುಣತ್ತೆಯಿಂದ. ಅದರೊಳಗೆ ಒಂದು ಕಾಲಕ್ಕೆ ಒಂದು ಕಾರ್ಡಿತ್ತು. ಅದು ಖಾಲಿಯಾದ ಬಗೆಯನ್ನು ಹೇಳುವ ಮೊದಲು ನಮ್ಮ ಸಭೆಯ ಬುಟ್ಟಿಯ ಸಂಗತಿ ಹೇಳಬೇಕು.

ನಮ್ಮದು ಹರಿಹರದ ಒಂದು ಸಣ್ಣ ಕ್ರೈಸ್ತ ಸಭೆ. ದಾವಣಗೆರೆಗೆ ಬಂದು ನೆಲೆಸಿದವರೂ ಹೊಸ ವರ್ಷದ ಮೊದಲ ಬೆಳಗಿಗೆ ಅಲ್ಲಿಗೇ ಹೋಗುತ್ತೇವೆ. ಆರಾಧನೆ ಮುಗಿಯುವ ಹೊತ್ತಿಗೆ ಒಂದು ಬೆತ್ತದ ಬುಟ್ಟಿ ಸಾಲಿನಿಂದ ಸಾಲಿಗೆ ಬರುತ್ತದೆ. ಕಾಣಿಕೆಯ ಚೀಲ ಬರುವಾಗ ಕಣ್ಣು ಮುಚ್ಚಿ ಧ್ಯಾನದಲ್ಲಿ ಮುಳುಗುವವರೂ ಇದು ಬರುವಾಗ ಎಚ್ಚರವಾಗಿಯೇ ಇರುತ್ತಾರೆ. ಏಕೆಂದರೆ ಇದು ಕೊಟ್ಟುಹೋಗುವ ಬುಟ್ಟಿ. ಅದರ ತುಂಬ ಮಗುಚಿ ಹಾಕಿದ ಪುಟ್ಟ ಕಾರ್ಡುಗಳು, ಒಂದೊಂದರಲ್ಲಿ ಬೈಬಲಿನ ಒಂದೊಂದು ವಚನ. ಮನಸ್ಸಿನಲ್ಲೇ ಪ್ರಾರ್ಥಿಸಿ ಒಂದನ್ನು ಎತ್ತಬೇಕು. ಕೈಗೆ ಬಂದದ್ದು ಆ ವರ್ಷಕ್ಕಾಗಿ ದೇವರು ನಿಮಗೇ ಎಂದು ಕೊಟ್ಟ ಮಾತು, ವಾಗ್ದಾನ. ಅದನ್ನು ಫ್ರೇಮು ಹಾಕಿಸುವವರುಂಟು, ಸ್ಕೂಟರಿನ ಮುಂಬದಿಗೆ ಅಂಟಿಸುವವರುಂಟು, ಫ್ರಿಜ್ಜಿನ ಬಾಗಿಲಿಗೆ ಮಾವಿನಹಣ್ಣಿನ ಆಯಸ್ಕಾಂತದಿಂದ ಸಿಕ್ಕಿಸುವವರುಂಟು.

ಮೂರನೆಯ ತರಗತಿಯಲ್ಲಿದ್ದಾಗ ನನಗೊಂದು ಕಾರ್ಡು ಬಂದಿತ್ತು. ನರೆ ಬರುವ ತನಕವೂ ನಿನ್ನನ್ನು ಹೊತ್ತುಕೊಳ್ಳುತ್ತೇನೆ ಎಂಬ ಅರ್ಥದ್ದು. ಪಕ್ಕದಲ್ಲಿ ಕೂತಿದ್ದ ಬೊಕ್ಕತಲೆಯ ಚಿಕ್ಕಪ್ಪನಿಗೆ ದ್ರಾಕ್ಷಿತೋಟದ ಚಿತ್ರವಿರುವ ಚೆಂದದ ಕಾರ್ಡು. ಇಬ್ಬರೂ ಗುಟ್ಟಾಗಿ ಬದಲಾಯಿಸಿಕೊಳ್ಳುವಷ್ಟರಲ್ಲಿ ಅಜ್ಜಿ ಹಿಂದಿನ ಸಾಲಿನಿಂದ ಬಾಗಿ ನನ್ನ ಕಿವಿ ಹಿಡಿದಳು. “ದ್ಯಾವ್ರು ಹಂಚಿದ್ದನ್ನ ಅದಲು ಬದಲು ಮಾಡಬಾರ್ದವ್ವ.” ಆ ವರ್ಷವಿಡೀ ನಾನು ಕನ್ನಡಿಯ ಮುಂದೆ ನಿಂತು ನನ್ನ ಎರಡು ಜಡೆಗಳಲ್ಲಿ ಬಿಳಿಕೂದಲು ಹುಡುಕಿದೆ. ಅಜ್ಜಿಯ ಆ ಒಂದು ಮಾತು ನಮ್ಮ ಮನೆತನದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಮಾತ್ರ ನನಗೆ ತಿಳಿದದ್ದು ಬಹಳ ತಡವಾಗಿ.

ಓದು ಹೆಚ್ಚಾದಂತೆ ಬುಟ್ಟಿಯ ಮೇಲೆ ನನಗೆ ಸಂಶಯವೂ ಹೆಚ್ಚಾಯಿತು. ಅದರಲ್ಲಿ ಬರೀ ಸಿಹಿಯೇ ಏಕಿರುತ್ತದೆ? ವರ್ಷದ ಕೊನೆಗೆ ಸಭೆಯ ಮುಂದೆ ಎದ್ದುನಿಂತು ಸಾಕ್ಷಿ ಹೇಳುವ ವಾಡಿಕೆ ನಮ್ಮಲ್ಲಿದೆ. ಸೈಟು ಸಿಕ್ಕಿತು, ಸ್ತೋತ್ರ. ಬಡ್ತಿ ಬಂತು, ಸ್ತೋತ್ರ. ಮಗನಿಗೆ ಸೀಟಾಯಿತು, ಸ್ತೋತ್ರ. ಕೇಳುತ್ತ ಕೂತರೆ ಸಹಕಾರ ಸಂಘದ ವಾರ್ಷಿಕ ವರದಿ ಓದಿದಂತಾಗುತ್ತದೆ. ಸೈಟು ಸಿಗದವರು ಕೂತೇ ಇರುತ್ತಾರೆ. ಒಮ್ಮೆ ಯುವಜನರ ಕೂಟದಲ್ಲಿ ನಾನು, “ಸಿಗದವರಿಗೆ ದೇವರು ಉತ್ತರದಾಯಿಯಲ್ಲವೇ?” ಎಂದು ಕೇಳಿಯೂಬಿಟ್ಟೆ. ಆಮೇಲೆ ಯಾರೋ ಖಾರ ಮಂಡಕ್ಕಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ಇನ್ನು ಸುಗುಣತ್ತೆ. ಆಕೆ ನನ್ನ ಅಪ್ಪನ ಅಕ್ಕ. ಕೊಕ್ಕನೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಮಾವ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ, ಹರಿಹರದಲ್ಲಿ ಎರಡು ಕೋಣೆಯ ಮನೆ. ನಮ್ಮ ಸಭೆಯಲ್ಲಿ ಪಿಯಾನೋ ಇಲ್ಲ. ಇದ್ದ ಹಾರ್ಮೋನಿಯಂ ಸ್ವರದ ಮನೆಗಳಲ್ಲಿ ಅರ್ಧವನ್ನು ಕಳೆದುಕೊಂಡು ಬೀರುವಿನ ಮೇಲೆ ಕೂತಿದೆ. ಆದ್ದರಿಂದ ಹಾಡು ಎತ್ತುವವಳು ಸುಗುಣತ್ತೆಯೇ. ಪಾಸ್ಟರು ಹಾಡಿನ ಸಂಖ್ಯೆ ಹೇಳಿ ಆಕೆಯ ಕಡೆ ನೋಡುತ್ತಾರೆ; ಆಕೆ ಕನ್ನಡಕ ತೆಗೆದು, ಎದೆಯುಬ್ಬಿಸಿ, ಮೊದಲ ಸಾಲನ್ನು ಎಲ್ಲರ ಶಕ್ತಿಗೂ ಮೀರಿದ ಶ್ರುತಿಯಲ್ಲಿ ಎತ್ತುತ್ತಾಳೆ; ನಾವೆಲ್ಲ ಓಡುವ ಬಸ್ಸಿನ ಹಿಂದೆ ಓಡಿದ ಹಾಗೆ ಅವಳ ಹಿಂದೆ ಓಡುತ್ತೇವೆ.

ಹೋದ ವರ್ಷದ ಮೊದಲ ಬೆಳಗು ಬುಟ್ಟಿ ಬಂತು. ಅತ್ತೆ ಒಂದು ಕಾರ್ಡನ್ನು ಎತ್ತಿದಳು. ಪಕ್ಕದಲ್ಲಿದ್ದ ಅವಳ ಗೆಳತಿ ರೋಸಮ್ಮ ಕತ್ತು ಚಾಚಿ ಓದಿ, ಎದೆಯ ಮೇಲೆ ಕೈಯಿಟ್ಟುಕೊಂಡರು.

“ಅಯ್ಯೋ ಸುಗುಣಾ, ಇದೇನೇ ಇದು! ಮರದಾಗೆ ಹಣ್ಣಿಲ್ಲ ಅಂತ ಬಂದೈತೆ! ಇಡು ಇಡು, ಇನ್ನೊಂದ್ ತಗ.”

ನಾನೂ ಬಾಗಿ ನೋಡಿದೆ. ಮರ ಚಿಗುರುವುದಿಲ್ಲ, ಬಳ್ಳಿಯಲ್ಲಿ ಹಣ್ಣಿಲ್ಲ, ಹೊಲದಲ್ಲಿ ಬೆಳೆಯಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ ಎಂದು ಒಂದರ ಕೆಳಗೊಂದು ಇಲ್ಲಗಳು. ಸುತ್ತಲೂ ಗುಲಾಬಿ ಬಣ್ಣದ ಹೂಬಳ್ಳಿಯ ಅಂಚು. ನಮ್ಮ ಸಭೆಯ ಭಾಷೆಯಲ್ಲಿ ಮಕ್ಕಳಿಗೆ ಗರ್ಭಫಲ ಎನ್ನುತ್ತಾರೆ. ಆ ಸಾಲಿನಲ್ಲಿ ಕೂತವರಿಗೆಲ್ಲ ಆ ಕಾರ್ಡು ಯಾವ ಮರದ ಮಾತಾಡುತ್ತಿದೆಯೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಬಂದಿದ್ದು ಬಂತು. ಇನ್ನೊಂದು ಬ್ಯಾಡ,” ಎಂದು ಅತ್ತೆ ಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡಳು.

ಪಾಸ್ಟರು ಕೊನೆಯ ಹಾಡಿನ ಸಂಖ್ಯೆ ಹೇಳಿ ಎಂದಿನಂತೆ ಅವಳತ್ತ ನೋಡಿದರು. ಅತ್ತೆ ಕನ್ನಡಕ ತೆಗೆಯಲಿಲ್ಲ. ಕೊನೆಗೆ ಹಿಂದಿನಿಂದ ಒಬ್ಬರು ಧೈರ್ಯ ಮಾಡಿ ಎತ್ತಿದರು, ಪಾತಾಳದ ಶ್ರುತಿಯಲ್ಲಿ. ಘಾಟಿ ಹತ್ತುವ ಲಾರಿಯ ಹಾಗೆ ಇಡೀ ಸಭೆ ಗುರ್ರೆಂದಿತು. ಮುಂದಿನ ಭಾನುವಾರವೂ ಹಾಗೆಯೇ, ಅದರಾಚೆಯ ಭಾನುವಾರವೂ ಹಾಗೆಯೇ. ಅತ್ತೆ ಬರುತ್ತಿದ್ದಳು, ಕೂರುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ. ತನ್ನ ಹಳೆಯ ಶಾಲೆಯ ಗುರುತಿನ ಚೀಟಿಯನ್ನು ಕವರಿನಿಂದ ತೆಗೆದು, ಅದರ ಜಾಗದಲ್ಲಿ ಆ ಕಾರ್ಡನ್ನು ಹಾಕಿಟ್ಟುಕೊಂಡಿದ್ದಳು. ಅದನ್ನು ನೋಡಿದ ದಿನ ನನ್ನ ರಕ್ತ ಕುದಿಯಿತು. ಒಬ್ಬ ಹೆಂಗಸಿನ ಬಾಳಿನ ನೋವನ್ನು ಹೂವಿನ ಅಂಚು ಹಾಕಿ ಅಚ್ಚು ಹೊಡೆಸಿ ಕೈಗೆ ಕೊಟ್ಟವರು ಯಾರು?

ಸಭೆಯ ಸಮಿತಿಗೆ ಕಂಡಿಕೆ ಕಂಡಿಕೆಯಾಗಿ ದೂರು ಬರೆದೆ. ಸಂವೇದನಾಶೀಲತೆ, ಘನತೆ, ಸಾಂಸ್ಥಿಕ ಹೊಣೆಗಾರಿಕೆ ಎಲ್ಲ ಅದರಲ್ಲಿದ್ದವು. ಕಾರ್ಡಿನಲ್ಲಿ ಏನಿತ್ತು ಎಂಬುದೊಂದು ಇರಲಿಲ್ಲ. ಸಮಿತಿಯವರು, “ಕಾರ್ಡ್ ಮಾಡ್ಸಿದ್ದು ಯುವಜನರು” ಅಂದರು. ಯುವಜನರು, “ನಾವು ಬರೀ ಕತ್ತರಿಸಿದ್ವಿ ಅಕ್ಕಾ, ಟೈಪ್ ಮಾಡಿದ್ದು ರಫೀಕ್ ಭಾಯ್” ಅಂದರು. ಹೊಣೆ ಎಂಬುದು ನಮ್ಮ ದೇಶದಲ್ಲಿ ಯಾವಾಗಲೂ ಪಕ್ಕದ ಮೇಜಿನ ಮೇಲಿರುತ್ತದೆ.

ರಫೀಕ್ ಭಾಯಿಯವರದು ಹರಿಹರದ ಬಸ್ ನಿಲ್ದಾಣದ ಹತ್ತಿರ ಮದುವೆ ಕಾರ್ಡು, ಜೆರಾಕ್ಸುಗಳ ಅಂಗಡಿ. ನಾನು ನ್ಯಾಯಾಲಯದ ಗತ್ತಿನಲ್ಲಿ ಪ್ರಶ್ನೆ ಹಾಕಿದೆ. ಅವರು ಮೊದಲು ಚಹಾ ಹೇಳಿದರು.

“ಮೇಡಮ್ಮಾರೆ, ಎಲ್ಲಾ ವಚನ ಎರಡೆರಡು ಸಾಲು ಇದ್ವು. ಇದೊಂದು ಉದ್ದ ಇತ್ತು. ನಿಮ್ಮ ಹುಡುಗ್ರು ‘ಕಟ್ ಮಾಡ್ರಿ ಭಾಯ್, ಕೊನೇ ಲೈನ್ ಇದ್ರೆ ಸಾಕು’ ಅಂದ್ರು. ನಾ ಹೆಂಗೆ ಕಟ್ ಮಾಡ್ಲಿ? ಖುದಾನ ಮಾತು, ಒಂದಕ್ಷರ ಬಿಟ್ರೂ ಗುನಾ, ಪಾಪ. ಒಂದು ಚೌಕದಾಗೆ ಹಿಡೀಲಿಲ್ಲ, ಉಳಿದಿದ್ದನ್ನ ಪಕ್ಕದ ಚೌಕಕ್ಕೆ ಹಾಕಿದೆ. ‘ಇವೆರಡು ಜೋಡಿ, ಬ್ಯಾರೆ ಮಾಡಬ್ಯಾಡ್ರಿ’ ಅಂತ ಹೇಳೇ ಕಳಿಸೀನಿ.”

“ಅವರು ಓದದೇ ಕತ್ತರಿಸಿದ್ದಾರೆ.”

“ಹಂಗಾರೆ ಕತ್ರಿನ ಕೇಳ್ರಿ. ಚಾ ಆರ್ತದೆ, ಕುಡೀರಿ.”

ಮನೆಗೆ ಬಂದು ಬೈಬಲ್ ತೆರೆದೆ. ಸಂವಿಧಾನದ ವಿಧಿಗಳನ್ನು ಕಣ್ಣು ಮುಚ್ಚಿ ಹೇಳಬಲ್ಲ ನಾನು, ರಫೀಕ್ ಭಾಯಿ ಕಂಪ್ಯೂಟರು ನೋಡಿ ಹೇಳಿದ ಆ ಪುಟ್ಟ ಪ್ರವಾದಿಯ ಪುಸ್ತಕ ಯಾವುದರ ಮುಂದೆ ಯಾವುದರ ಹಿಂದೆ ಇದೆಯೆಂದು ತಿಳಿಯದೆ ಪರಿವಿಡಿಯಲ್ಲಿ ಬೆರಳಾಡಿಸಿದೆ. ಸಿಕ್ಕಿತು. ಇಲ್ಲಗಳೆಲ್ಲ ಮುಗಿದ ಮೇಲೆ ಆ ಪ್ರವಾದಿ ನಿಲ್ಲುವುದಿಲ್ಲ. ಇವೇನೂ ಇಲ್ಲದಿದ್ದರೂ ನಾನು ನನ್ನ ದೇವರಲ್ಲಿ ಹಿಗ್ಗುತ್ತೇನೆ ಎನ್ನುತ್ತಾನೆ. ಅಡುಗೆಮನೆಯಲ್ಲಿ ನಿಂತೇ ಓದಿದೆ, ಮತ್ತೆ ಓದಿದೆ. ಸಿಹಿ ವಚನಗಳ ಬುಟ್ಟಿಯಲ್ಲಿ ಇಂಥದೊಂದು ಹೇಗೋ ನುಸುಳಿತ್ತು. ಸೈಟು, ಬಡ್ತಿ, ಸೀಟು ಯಾವುದರ ಮೇಲೂ ಕಾಲೂರದ ಒಂದು ಸಂತೋಷ. ಮರುದಿನವೇ ಹರಿಹರದ ಬಸ್ಸು ಹತ್ತಿದೆ.

ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕೂಗಿದೆ: “ಅತ್ತೇ, ಆ ಕಾರ್ಡು ಅರ್ಧ! ಮುಂದಿನ ಸಾಲು ಇದೆ!”

“ಗೊತ್ತೈತೆ.”

“ಗೊತ್ತಿತ್ತಾ?”

“ಇಷ್ಟ್ ವರ್ಷ ಸಂಡೆ ಸ್ಕೂಲ್ ಕಲಿಸೀನಿ, ಅಷ್ಟೂ ಗೊತ್ತಿರಲ್ವೇನು? ಮುಂದಿನ ಸಾಲು ಐತೆ. ಆದ್ರೆ ಅದು ನಂಗೆ ಬಂದಿಲ್ಲ ಕೃಪಾ. ನಂಗೆ ಬಂದಿದ್ದು ಇಷ್ಟೇ. ಹಿಗ್ಗೋ ಸಾಲು ಬ್ಯಾರೆ ಯಾರ ಕೈಗೋ ಹೋಗೈತೆ. ದ್ಯಾವ್ರು ಹಂಚಿದ್ದನ್ನ ಕಿತ್ಕಂಬರಾಕ ಆಗ್ತದೇನು?”

“ಹಂಚಿದ್ದು ದೇವರಲ್ಲ ಅತ್ತೆ, ರಫೀಕ್ ಭಾಯಿಯ ಕಂಪ್ಯೂಟರು!”

“ಕಂಪ್ಯೂಟರಿನ ಮ್ಯಾಲೆ ದ್ಯಾವ್ರಿಗೆ ಹಿಡಿತ ಇಲ್ಲ ಅಂತೀಯೇನು?”

ನಾನೂ ಕೂತು ಅವರೆಕಾಯಿ ಸುಲಿದೆ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ತಾನಾಗಿಯೇ ಹೇಳಿದಳು. “ಮಕ್ಕಳ ಆಸೆ ಯಾವಾಗೋ ಹೋತು. ಅದಕ್ಕಲ್ಲ. ಏನಿಲ್ಲದಿದ್ರೂ ಖುಷಿ ಅಂಬೋದು ಒಂದು ನಂತವ ಐತೆ ಅನ್ಕಂಡಿದ್ದೆ. ಅದನ್ನೂ ಬ್ಯಾರೆಯವರಿಗೆ ಕೊಟ್ಟನಲ್ಲ ಅಂತ. ಹಾಡಾಕ ಬಾಯಿ ತೆಗದ್ರೆ ಆ ಕಾರ್ಡು ಗಂಟಲಾಗೆ ಅಡ್ಡ ನಿಂತಂಗಾಗ್ತದೆ.”

ಅಂದರೆ ಆಗಬೇಕಾದದ್ದು ಸಮಿತಿಯ ಕ್ಷಮಾಪಣೆಯಲ್ಲ, ಇನ್ನರ್ಧ ಸಿಗಬೇಕಿತ್ತು. ಅಂದು ಸಂಜೆ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದೆ. ಸೂರ್ಯೋದಯಗಳು, ಗುಲಾಬಿಗಳು, ಕೈಮುಗಿದ ಬೊಂಬೆಗಳು, ಕಳೆದುಹೋದ ಛತ್ರಿಯ ಪ್ರಕಟಣೆ, ಇವನ್ನೆಲ್ಲ ದಾಟಿ ಹೊಸ ವರ್ಷದ ಬೆಳಗಿಗೆ ಬಂದರೆ ಅಲ್ಲಿತ್ತು. ಗುಲಾಬಿ ಅಂಚಿನ ಕಾರ್ಡು, ಅದರಲ್ಲಿ ಹಿಗ್ಗುವ ಸಾಲು, ಕೆಳಗೆ ಅಧ್ಯಾಯದ ಸಂಖ್ಯೆ. ಹಾಕಿದವರು ಜಯರಾಜಣ್ಣ. ಮೇಲೊಂದು ಒಕ್ಕಣೆ: ‘ಹೊಸ ಮನೆ, ಹೊಸ ವಾಗ್ದಾನ’.

ಜಯರಾಜಣ್ಣ ಹರಿಹರದವರೇ, ದಾವಣಗೆರೆಯಲ್ಲಿ ಟೈಲ್ಸ್ ಅಂಗಡಿ ಇಟ್ಟು ಬೆಳೆದವರು. ಅವರ ಹೊಸ ಮನೆ ನಮ್ಮದೇ ಬಡಾವಣೆಯಲ್ಲಿ, ನಮ್ಮ ಹಿಂದಿನ ರಸ್ತೆಯಲ್ಲಿದೆ. ಮತ್ತು ಆ ಮನೆಯ ಕಾರು ಹತ್ತುವ ರ‍್ಯಾಂಪು ಚರಂಡಿಯನ್ನು ಮುಚ್ಚಿದೆಯೆಂದು ಪಾಲಿಕೆಗೆ ಅರ್ಜಿ ಕೊಟ್ಟವಳು ನಾನೇ.

ಆದರೂ ಒಂದು ಶನಿವಾರ ಅತ್ತೆಯನ್ನು ಬಲವಂತದಿಂದ ಕರೆದುಕೊಂಡು ಹೋದೆ. ಬಾಗಿಲು ತೆರೆದ ಜಯರಾಜಣ್ಣ ಅತ್ತೆಯನ್ನು ನೋಡಿ ಅರಳಿದರು. ಚಿಕ್ಕಂದಿನಲ್ಲಿ ಅವರು ಅತ್ತೆಯ ಸಂಡೆ ಸ್ಕೂಲಿನ ಹುಡುಗ.

“ಅರೆ ಟೀಚರ್! ಬರ್ರಿ ಬರ್ರಿ, ಕೂಡ್ರಿ.” ಆಮೇಲೆ ನನ್ನ ಕಡೆ ತಿರುಗಿ, “ಓಹೋ, ಚರಂಡಿ ಮೇಡಂ! ನೀವೂ ಬರ್ರಿ. ಅಳಿಯಾಕ ಟೇಪ್ ತಂದೀರೇನು?”

ನಾನು ಸೋಫಾದ ಅಂಚಿನಲ್ಲಿ ಕೂತೆ. ಕನ್ನಡಿಯಂಥ ನೆಲ, ಗೋಡೆಯಷ್ಟು ದೊಡ್ಡ ಟೀವಿ, ಅದರ ಪಕ್ಕದಲ್ಲಿ ಚಿನ್ನದ ಬಣ್ಣದ ಫ್ರೇಮಿನಲ್ಲಿ ಆ ಪುಟ್ಟ ಕಾರ್ಡು. ಅತ್ತೆಯ ಕಣ್ಣು ಅಲ್ಲಿಯೇ ನೆಟ್ಟಿತ್ತು. ಬೇರೆಯವರ ಮನೆ ಸೇರಿದ ತನ್ನ ಒಡವೆಯನ್ನು ನೋಡುವ ಹಾಗೆ ನೋಡುತ್ತಿದ್ದಳು.

“ಅದನ್ನ ನೋಡ್ತೀರಾ ಟೀಚರ್?” ಜಯರಾಜಣ್ಣನ ದನಿ ಇಳಿಯಿತು. “ನಂಗಂತೂ ಅದನ್ನ ನೋಡಿದ್ರೆ ಹೆದ್ರಿಕೆ. ಹಿಗ್ಗು ಹಿಗ್ಗು ಅಂತೈತೆ. ಹಿಗ್ಗೇ ಬರವಲ್ದು. ಮನೆ ಆದ್ಮ್ಯಾಲೆ ಬರ್ತದೆ ಅನ್ಕಂಡೆ, ಮನೆ ಆತು. ಕಾರ್ ಬಂದ್ಮ್ಯಾಲೆ ಅನ್ಕಂಡೆ, ಅದೂ ಬಂತು. ಈಗ ಮ್ಯಾಲೊಂದು ಫ್ಲೋರ್ ಎತ್ತಿಸಿ ನೋಡನಾ ಅಂತ ಇದೀನಿ. ನಿದ್ದೆ ಸತೆ ಸರಿಯಾಗಿ ಬರಲ್ಲ. ದ್ಯಾವ್ರು ಕೊಟ್ಟ ಮಾತು ನಂತವ ಕೆಲಸ ಮಾಡ್ತಿಲ್ಲ ಅಂದ್ರೆ ನಂದೇ ಏನೋ ತಪ್ಪಿರ್ಬೇಕಲ್ಲ?”

ಅತ್ತೆ ಅವರ ಮುಖವನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆ ಅಲುಗಿತು. ನಗು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಿಲ್ಲಲಿಲ್ಲ.

“ಲೋ ಜಯಾ, ಇಷ್ಟು ದಿನ ನಾ ಇದ್ದಬದ್ದ ಖುಷಿಯೆಲ್ಲ ನಿನ್ನ ಮನ್ಯಾಗೈತೆ ಅನ್ಕಂಡು ಹೊಟ್ಟೆ ಉರ್ಕಂಡೆ ಕಣೋ. ನಿಂದೂ ಅರ್ಧನೇ!” ಬ್ಯಾಗಿನಿಂದ ಕವರು ತೆಗೆದು, ಅದರೊಳಗಿನ ಕಾರ್ಡನ್ನು ಅವರ ಕೈಗಿಟ್ಟಳು. “ಎದ್ದು ನಿಂತ್ಕ. ಮೊದ್ಲು ಇದ ಓದು. ಆಮ್ಯಾಲೆ ಗೋಡೆದು ಓದು.”

ಟೈಲ್ಸ್ ಅಂಗಡಿಯ ಮಾಲೀಕರು ಸಂಡೆ ಸ್ಕೂಲಿನ ಹುಡುಗನಂತೆ ನೆಟ್ಟಗೆ ನಿಂತು ಓದಿದರು. ಇಲ್ಲಗಳನ್ನೆಲ್ಲ ಓದಿದರು, ಗೋಡೆಗೆ ತಿರುಗಿ ಇನ್ನರ್ಧವನ್ನೂ ಓದಿದರು.

“ಅಂದ್ರೆ, ಇದೆಲ್ಲ ಇಲ್ದಿದ್ರೂ?” ಎಂದು ಕೇಳಿದರು. ‘ಇದೆಲ್ಲ’ ಎನ್ನುವಾಗ ಅವರ ಕೈ ಟೀವಿಯಿಂದ ನೆಲದವರೆಗೆ ಒಂದು ಸುತ್ತು ಬಂತು.

“ಹೂಂ, ಇಲ್ದಿದ್ರೂ. ಇದ್ರೂನೂ ಅಷ್ಟೇ. ಹಿಗ್ಗು ಮರದ ಮ್ಯಾಲೆ ಇಲ್ಲ ಕಣೋ. ನೀ ತುಂಬಿದ ಮರ ನೋಡ್ಕಂತ ಕೂತಿದ್ದೆ, ನಾ ಖಾಲಿ ಮರ ನೋಡ್ಕಂತ ಕೂತಿದ್ದೆ. ಇಬ್ರೂ ಮರಾನೇ ನೋಡಿದ್ವಿ. ದ್ಯಾವ್ರನ್ನ ನೋಡ್ಲೇ ಇಲ್ಲ.”

ಜಯರಾಜಣ್ಣನ ಹೆಂಡತಿ ಚಹಾ, ಮಂಡಕ್ಕಿ ತಂದಿಟ್ಟು, ನಮ್ಮವರ ಮನೆಗಳಲ್ಲಿ ನಡೆಯುವಂತೆ, “ಟೀಚರ್, ತಗಳೋ ಮೊದ್ಲು ಒಂದು ಪ್ರಾರ್ಥನೆ ಮಾಡ್ರಿ” ಅಂದರು. ಅತ್ತೆ ಎದ್ದಳು. ಕನ್ನಡಕ ತೆಗೆದಳು. ಪ್ರಾರ್ಥನೆಯೇ ಎಂದುಕೊಂಡು ನಾವು ತಲೆ ತಗ್ಗಿಸಿದೆವು. ಆಕೆ ಹಾಡೆತ್ತಿದಳು! ಅಷ್ಟು ತಿಂಗಳು ಅಡ್ಡ ನಿಂತಿದ್ದುದೆಲ್ಲ ಒಮ್ಮೆಗೇ ಸರಿದ ಶ್ರುತಿ. ಎದುರು ಮನೆಯ ನಾಯಿ ಬೊಗಳತೊಡಗಿತು. ಜಯರಾಜಣ್ಣ ಅಪಶ್ರುತಿಯಲ್ಲಿ, ಕಣ್ಣೀರು ಒರೆಸಿಕೊಳ್ಳುತ್ತ, ಅವಳ ಹಿಂದೆ ಓಡಿದರು. ದೂರಿನ ಯಾವ ಕಂಡಿಕೆಯಲ್ಲಿಯೂ ನಾನು ಕೇಳಿರದ ಪರಿಹಾರ ಅದು. ಯಾರಿಗೆ ಕೃತಜ್ಞತೆ ಹೇಳಲಿ? ಒಂದಕ್ಷರವನ್ನೂ ಬಿಡದ ರಫೀಕ್ ಭಾಯಿಗೆ, ಓದದೆ ಕತ್ತರಿಸಿದ ಹುಡುಗರಿಗೆ, ಇಷ್ಟನ್ನೂ ಹೆಣೆದವನಿಗೆ. ಅಂದು ಮೊದಲ ಬಾರಿಗೆ, ಹೊಣೆ ಯಾರೆಂದು ತಿಳಿದೂ ನನಗೆ ಸಿಟ್ಟು ಬರಲಿಲ್ಲ.

ಹೊರಡುವಾಗ ಅತ್ತೆ ತನ್ನ ಕಾರ್ಡನ್ನು ಅವರ ಫ್ರೇಮಿನ ಮೂಲೆಗೆ ಸಿಕ್ಕಿಸಿದಳು. “ಇಲ್ಲೇ ಇರ್ಲಿ. ತುಂಬಿದ ಮನಿಗೆ ಇದು ಬೇಕಾಗ್ತದೆ. ನಂಗೆ ಬಾಯಾಗೈತೆ.” ಖಾಲಿಯಾದ ಕವರನ್ನು ನನ್ನ ಕೈಗೆ ತುರುಕಿದಳು. “ನೀ ತಗ, ನಿನ್ನ ಅರ್ಜಿ ಇಟ್ಕಳಾಕ ಆಗ್ತದೆ.”

ಗೇಟಿನ ತನಕ ಬಂದ ಜಯರಾಜಣ್ಣ ರ‍್ಯಾಂಪನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. “ಇದನ್ನೂ ಒಡೆಸ್ತೀನಿ ಮೇಡಂ. ಇದಕ್ಕೊಂದು ವಚನ ಹುಡುಕ್ಯಂಡು ಬರಬ್ಯಾಡ್ರಿ.” ಒಡೆಸಿದರು ಕೂಡ. ಈಗ ಮಳೆನೀರು ಹರಿದುಹೋಗುತ್ತದೆ.

ಈ ಹೊಸ ವರ್ಷದ ಬೆಳಗು ಮತ್ತೆ ಬುಟ್ಟಿ ಬಂತು. ಅತ್ತೆ ಕೈ ಹಾಕದೆ ಅದನ್ನು ಪಕ್ಕಕ್ಕೆ ದಾಟಿಸಿದಳು. ರೋಸಮ್ಮನಿಗೆ ಗಾಬರಿ.

“ತಗಳೇ ಸುಗುಣಾ, ಈ ಸಲ ಚಲೋದು ಬಂದ್ರೂ ಬರ್ತದೆ!”

“ಹೋದ ವರ್ಷದ್ದೇ ಇನ್ನೂ ಮುಗಿದಿಲ್ಲ ಬಿಡೇ,” ಎಂದಳು ಅತ್ತೆ.

ನಾನು ಮಾತ್ರ ಒಂದನ್ನು ಎತ್ತಿಕೊಂಡೆ. ಬುಟ್ಟಿಯನ್ನು ದಾಟಿಸುವಷ್ಟು ನಾನಿನ್ನೂ ಬೆಳೆದಿಲ್ಲ. ಕಾಯಂ ಹುದ್ದೆಯ ಆಸೆ ಬೆರಳ ತುದಿಯಲ್ಲೇ ಕೂತಿತ್ತು. ಮಗುಚಿದರೆ ಹುದ್ದೆಯ ಸುಳಿವೂ ಇರದ ಒಂದು ವಚನ. ಅದರ ಹಿಂದೇನಿದೆ, ಮುಂದೇನಿದೆ ಎಂದು ಬೈಬಲ್ ತೆರೆಯುವಷ್ಟರಲ್ಲಿ ಪಾಸ್ಟರು ಹಾಡಿನ ಸಂಖ್ಯೆ ಹೇಳಿದರು. ಅತ್ತೆ ಕನ್ನಡಕ ತೆಗೆದು, ಎದೆಯುಬ್ಬಿಸಿ, ಎಂದಿನಂತೆ ನಮ್ಮೆಲ್ಲರ ಶಕ್ತಿಗೂ ಮೀರಿದ ಶ್ರುತಿಯಲ್ಲಿ ಎತ್ತಿದಳು. ನನಗೆ ಎಟುಕಲಿಲ್ಲ.

ಎಟುಕದಿದ್ದರೂ ಹಾಡಿದೆ.